ಬೆರಳುದ್ದ ತಾಮ್ರದ ತಂತಿ

“ಇದರ ಮ್ಯಾಲ ಸಹಿ ಯಾರ್ದು?”

ಕರುಣಾ ಸುಟ್ಟು ಕರಕಲಾದ ಬೋರ್ಡನ್ನು ಮೇಜಿನ ಮೇಲೆ ಕುಕ್ಕಿದಳು. ಶಹಾಬಾದಿನಲ್ಲಿ ಬೋರ್ಡು ತಯಾರಿಸುವ ಆ ಸಣ್ಣ ಕಾರ್ಖಾನೆಯಲ್ಲಿ ಎಲ್ಲರ ಕೈಗಳು ನಿಂತವು.

ಕಲ್ಲು ಕೊಯ್ಯುವ ಯಂತ್ರಕ್ಕೆ ಕರೆಂಟ್ ಕೊಡುವ ಬೋರ್ಡು ಅದು. ಕರೆಂಟ್ ಮಿತಿ ಮೀರಿದರೆ ತಾನೇ ಕಡಿದುಬಿಡಬೇಕು. ಎಂಟು ದಿನದ ಹಿಂದೆ ಬ್ಲೇಡಿಗೆ ಕಲ್ಲು ಸಿಕ್ಕಿಕೊಂಡಾಗ ಅದು ಕರೆಂಟ್ ಕಡಿಯಲಿಲ್ಲ. ಪೆಟ್ಟಿಗೆಗೆ ಬೆಂಕಿ ಹತ್ತಿತು. ಆರಿಸಲು ಓಡಿದ ಅವಳ ಅಣ್ಣ ರತ್ನದೀಪ ಮನೆಗೆ ಬಂದದ್ದು ಬಿಳಿ ಬಟ್ಟೆಯಲ್ಲಿ.

ಟೆಸ್ಟ್ ಮೇಜಿನ ಹಿಂದಿದ್ದ ಅಭಯ ಬೋರ್ಡನ್ನು ತಿರುಗಿಸಿ ನೋಡಿದ. ತುಂಬ ಹೊತ್ತು ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಬಾಗಿಲ ಹೊರಗೆ ಕಟ್ಟೆಯ ಮೇಲೆ ಕುಳಿತಿದ್ದ ಮುದುಕಿಯನ್ನು ಕಂಡು ಬೋರ್ಡನ್ನು ಮೆಲ್ಲಗೆ ಬೋರಲು ಇಟ್ಟ.

“ಅವರು...?”

“ನಮ್ಮವ್ವ. ಮಗನ್ನ ಕೊಂದವ್ರ ಮಾರಿ ನೋಡ್ಲಿಕ್ಕೆ ಬಂದಾಳ!”

“ಸಹಿ ನಂದ್ರಿ. ನನ್ನ ಟೆಸ್ಟೇ ತಪ್ಪಿತ್ತು.”

ಜಗಳಕ್ಕೆಂದು ಸೆರಗು ಬಿಗಿದು ಬಂದವಳಿಗೆ ಜಗಳವೇ ಸಿಗಲಿಲ್ಲ! ಅಷ್ಟು ಸಿಟ್ಟನ್ನು ಎಲ್ಲಿ ಹಾಕಬೇಕೋ ತಿಳಿಯದೆ ಅಲ್ಲೇ ಅತ್ತುಬಿಟ್ಟಳು.

ವಿಚಾರಣೆಗೆ ಮೂರು ಸಲ ಚಿತ್ತಾಪುರಕ್ಕೆ ಹೋಗಬೇಕಾಯಿತು. ೨೦೦೨ರ ಬೇಸಿಗೆ, ಬಸ್ಸೆಂದರೆ ಕಾದ ಹಂಚು. ಮೂರು ಸಲವೂ ಅದೇ ಬಸ್ಸಿನಲ್ಲಿ ಅಭಯ. ಅವಳ ಅವ್ವ ಶಿವಕಾಂತಮ್ಮನಿಗೆ ಸೀಟು ಬಿಟ್ಟುಕೊಟ್ಟು ದಾರಿಯುದ್ದಕ್ಕೂ ನಿಂತಿರುತ್ತಿದ್ದ. ಅವ್ವ ಬಿಸಿಲಿಗೆ ತಲೆತಿರುಗಿ ವಾಲಿದಾಗ ಓಡಿಹೋಗಿ ನೀರು ತಂದ.

ಕೇಳಿದವರಿಗೆಲ್ಲ ತಪ್ಪು ತನ್ನದೇ ಎಂದ. ಕೆಲಸ ಹೋಯಿತು. ಗುಡಿಯ ಪೂಜೆ ಮಾಡುವ ಅಪ್ಪ ಜಯತೀರ್ಥಾಚಾರ್ಯರು, ಜೀವ ತೆಗೆದವನ ಕೈನೀರು ಬೇಡ ಎಂದು ಮನೆಯಿಂದ ಹೊರಗೆ ಹಾಕಿದರು. ಅವನು ವಾಡಿ ಊರಿಗೆ ಹೋಗಿ ರಿಪೇರಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ.

ವಿಚಾರಣೆ ಮುಗಿದ ಮೇಲೂ, ಬಸ್ಸು ಹತ್ತಿದಾಗಲೆಲ್ಲ ಕರುಣಾಳ ಕಣ್ಣು ಆ ನಿಂತ ಮನುಷ್ಯನನ್ನು ಹುಡುಕುತ್ತಿತ್ತು.

‘ಥೂ... ಅಣ್ಣ ಹೋಗಿ ಆರು ತಿಂಗಳಾಗಿಲ್ಲ. ಯಾರನ್ನ ಹುಡುಕಾಕತ್ತಿ ನೀ?’

ಆಗಲೇ ಒಂದು ಬೆಳಿಗ್ಗೆ, ಅಣ್ಣನ ಜೊತೆ ಅದೇ ಯಂತ್ರದ ಮೇಲೆ ದುಡಿಯುತ್ತಿದ್ದ ಬಂದೇಅಲಿ ಮನೆಗೆ ಬಂದ. ಅವ್ವ ನೀರಿಗೆ ಹೋದದ್ದನ್ನು ನೋಡಿಕೊಂಡೇ ಬಂದಿದ್ದ.

“ತಂಗಿ, ನಿದ್ದಿ ಬರವಲ್ದು. ಮಷೀನ್ ಚಾಲೂ ಮಾಡಿದ ಕೂಡ್ಲೇ ಆ ಬೋರ್ಡು ಬಂದ್ ಬೀಳ್ತಿತ್ತು. ದಿನಕ್ಕ ಹತ್ತು ಸಲ. ಬ್ಯಾಸತ್ತು ಅದು ಕಡೀಬಾರ್ದಂತ ರತ್ನದೀಪನೇ ಬೋರ್ಡಿನ ಹಿಂದ ಬೆರಳುದ್ದ ತಾಮ್ರದ ತಂತಿ ಕೂಡಿಸ್ದ. ಬೆಸುಗಿ ಹಾಕಿದಾಂವ ನಾ...”

ಕರುಣಾಳಿಗೆ ಬೋರ್ಡು ತಿರುಗಿಸುತ್ತಿದ್ದ ಅಭಯನ ಕೈ ನೆನಪಾಯಿತು.

‘ಅವತ್ತು ತಿರುಗಿಸಿ ನೋಡಿದ್ದು ಅದನ್ನೇ! ಗೊತ್ತಿತ್ತು... ಎಲ್ಲಾ ಗೊತ್ತಿತ್ತು!’

ಮಧ್ಯಾಹ್ನದ ಹೊತ್ತಿಗೆ ಅವಳು ವಾಡಿಯ ರಿಪೇರಿ ಅಂಗಡಿಯಲ್ಲಿದ್ದಳು.

“ಯಾಕ ಹೇಳ್ಲಿಲ್ರಿ?”

ಅಭಯ ತಲೆ ಎತ್ತಿದ. ಸೊರಗಿಹೋಗಿದ್ದ.

“ನಿಮ್ಮವ್ವ ಅಲ್ಲೇ ಕುಂತಿದ್ರು. ನಿಮ್ಮ ಮಗ ತನ್ನ ಕೈಲೆನೇ ಸತ್ತ ಅಂತ ಹೆಂಗ ಹೇಳ್ಲಿ?”

“ಅದಕ್ಕ ಸುಳ್ಳು ಹೇಳಿದ್ರಿ?”

“ಪೂರಾ ಸುಳ್ಳಲ್ರಿ. ನಾ ಟೆಸ್ಟಿನಾಗ ಗುಂಡಿ ತಿರುಗಿಸಿ ಲೋಡ್ ಸಾವಕಾಶ ಏರಿಸ್ತಿದ್ದೆ. ಮಷೀನ್ ಹಂಗ ಎಳ್ಯಂಗಿಲ್ಲ. ಚಾಲೂ ಆಗುವಾಗ ಒಮ್ಮೆಲೇ ಕರೆಂಟ್ ಜಗ್ತದ. ಅಷ್ಟು ತಡ್ಕೋಬೇಕಿತ್ತು ಬೋರ್ಡು. ನಾ ಒಮ್ಮೆಲೇ ಲೋಡ್ ಹಾಕಿ ನೋಡಿ ಸರಿ ಮಾಡಿದ್ರ, ಅದು ಸುಮ್ಮಸುಮ್ಮನ ಬಂದ್ ಬೀಳ್ತಿದ್ದಿಲ್ಲ. ನಿಮ್ಮಣ್ಣ ತಂತಿ ಹಾಕ್ತಿದ್ದಿಲ್ಲ.”

ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು. ಎರಡಕ್ಕಿಂತ ಹೆಚ್ಚಾಗಿ, ಆ ಸೊರಗಿದ ಮುಖ ನೋಡಲಾಗಲಿಲ್ಲ.

“ಅವ್ವಗ ಹೇಳಬೇಕ್ರಿ. ಇಬ್ರೂ ಕೂಡಿ.”

“ಬ್ಯಾಡ ಕರುಣಾ. ಅವರ ಎದಿ ಒಡೀತದ.”

“ಹೇಳ್ಲಿಲ್ಲಂದ್ರ ನಂದು ಒಡೀತದ! ನಿಮ್ಮನ್ನ ಕೊಲೆಗಾರ ಅಂತ ತಿಳಿದಾಕಿ ಹತ್ರ ನಾಳಿಗಿ ನನ್ನನ್ನ ಲಗ್ನಕ್ಕ ಹೆಂಗ ಕೇಳ್ತೀರಿ?”

ಅಭಯನ ಕೈಯಲ್ಲಿದ್ದ ಬೆಸುಗೆ ಕಡ್ಡಿ ಹೊಗೆಯಾಡುತ್ತಲೇ ಇತ್ತು.

“ಕೇಳ್ತೀನಿ ಅಂತ... ನಾ ಎಂದೂ ಅಂದಿಲ್ಲಲಾ.”

“ಮೂರು ಸಲ ಬಸ್ಸಿನಾಗ ನಿಂತು ಅಂದೀರಿ.”

ಸಂಜೆ ಮನೆಯಲ್ಲಿ ಇಬ್ಬರೂ ಹೇಳಿದ್ದನ್ನೆಲ್ಲ ಅವ್ವ ಕೇಳಿಸಿಕೊಂಡಳು. ತಂತಿಯ ಮಾತು ಬಂದಾಗ ಗೋಡೆಗೆ ತಲೆ ಆನಿಸಿದಳು. ಇಷ್ಟು ದಿನ ಒಬ್ಬನಿಗೆ ಶಾಪ ಹಾಕಿ ಬದುಕಿದ್ದಳು. ಈಗ ಶಾಪ ಹಾಕಲು ಯಾರೂ ಉಳಿಯಲಿಲ್ಲ, ಮಗನೊಬ್ಬನನ್ನು ಬಿಟ್ಟು.

“ಹೋಗಪ್ಪ,” ಎಂದಳು ಕೊನೆಗೆ, ಕಣ್ಣು ತೆರೆಯದೆ. “ಇವತ್ತ ನಿನ್ನ ಮಾರಿ ನೋಡ್ಲಾರೆ.”

ಅಭಯ ಎದ್ದು ಅಂಗಳಕ್ಕೆ ಬಂದ. ಹಿಂದೆಯೇ ಕರುಣಾ ಬಂದಳು. ಒಳಗಿನಿಂದ ಅವ್ವನ ಅಳು ಕೇಳುತ್ತಿತ್ತು.

“ಇವತ್ತ ಅಂದಾಳ್ರಿ. ಎಂದೂ ಬರಬ್ಯಾಡ ಅಂದಿಲ್ಲ.”

“ಮತ್ತ ಯಾವಾಗ ಬರ್ಲಿ?”

“ನಾಳೆ ಬರ್ರಿ.”

“ನಾಳೆನೂ ಹೋಗಂದ್ರ?”

ಕರುಣಾ ಮೊದಲ ಸಲ ಅವನ ಕೈ ಹಿಡಿದಳು. ಬೆರಳ ತುದಿಯೆಲ್ಲ ಸುಟ್ಟು ಗಟ್ಟಿಯಾಗಿತ್ತು.

“ನಾಡಿದ್ದು ಬರ್ರಿ... ಬಾಗಿಲದಾಗ ನಾ ಇರ್ತೀನಿ.”