ಕನ್ನಡಿಗೆ ಸಿಗದ ಜಾಗ

ಸಿಗ್ನಲ್ ಹಸಿರಾಯಿತು. ಬಸ್ಸು ಎಡಕ್ಕೆ ಹೊರಳಿತು. ಪಕ್ಕದಲ್ಲಿದ್ದ ಸೈಕಲ್ಲು ಫುಟ್‌ಪಾತಿಗೆ ಒರಗಿತು. ಅದರ ಮೇಲಿದ್ದವಳು ದಬದಬನೆ ಬಸ್ಸಿನ ಮೈ ಬಡಿದಳು. ಒಂದು ಗೇಣು ಆಚೀಚೆ ಆಗಿದ್ದರೆ ಈ ಕಥೆ ಹೇಳಲು ಬಾಯಿ ಬರುತ್ತಿರಲಿಲ್ಲ. ದೇವರು ದೊಡ್ಡವನು.

ಡ್ರೈವರ್ ಇಳಿದು ಓಡಿಬಂದ. ಮುಖವೆಲ್ಲ ಬೆವರು.

"ಕಣ್ಣು ಕಾಣಲ್ವೇನ್ರೀ?"

"ಆಣೆ ಮಾಡಿ ಹೇಳ್ತೀನಿ, ನೀವು ಕಾಣ್ಲಿಲ್ಲ."

"ಕೆಂಪು ಹೆಲ್ಮೆಟ್ ಹಾಕ್ಕೊಂಡು ಇಷ್ಟುದ್ದ ಇದ್ದೀನಿ! ಎದುರಿಗಿರೋದೇ ನನ್ನ ಕನ್ನಡಕದ ಅಂಗಡಿ. ಬಂದು ಕಣ್ಣು ಟೆಸ್ಟ್ ಮಾಡಿಸ್ಕೊಳ್ಳಿ. ಆಮೇಲೆ ಡಿಪೋಗೆ ಕಂಪ್ಲೇಂಟ್ ಕೊಡ್ತೀನಿ."

ಮರುದಿನ ಸಂಜೆ ಅವನು ನಿಜವಾಗಿಯೂ ಬಂದ. ಯಂತ್ರಕ್ಕೆ ಗದ್ದ ಊರಿ ಕೂತ. ಅವಳು ದೀಪ ತಗ್ಗಿಸಿ, ಅವನ ಕಣ್ಣಿನೊಳಗೆ ಇಣುಕಿದಳು. ತಳ ಕಾಣುವ ಕೊಳದಂತೆ ತಿಳಿಯಾಗಿತ್ತು. ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು.

"ಕಣ್ಣು ಚೆನ್ನಾಗಿದೆ," ಎಂದವಳು ತಡವರಿಸಿ, "ಅಂದ್ರೆ, ದೃಷ್ಟಿ. ಹಾಗಾದ್ರೆ ನೀವು ನೋಡ್ಲೇ ಇಲ್ಲ. ಕಂಪ್ಲೇಂಟ್ ಗ್ಯಾರಂಟಿ."

"ಕೊಡಿ, ಬೇಡ ಅನ್ನಲ್ಲ. ನನ್ನ ಭಯ ಬೇರೆ. ನಾಳೆನೂ ನೀವು ಅಲ್ಲೇ ನಿಲ್ತೀರಿ, ನಾಳೆನೂ ನನಗೆ ಕಾಣಲ್ಲ. ಒಂದ್ಸಲ ನನ್ನ ಸೀಟಲ್ಲಿ ಕೂತು ನೋಡಿ."

ಭಾನುವಾರ ಡಿಪೋದ ಅಂಗಳ ಖಾಲಿಯಿತ್ತು. ಎಲ್ಲರೂ ಅಕ್ಕ ಎಂದು ಕರೆಯುವ ಕಂಡಕ್ಟರಮ್ಮ ಮೆಟ್ಟಿಲ ಮೇಲೆ ಕಾವಲಿಗೆಂಬಂತೆ ಕೂತಿದ್ದಳು. ಕನ್ನಡಕದ ಅಂಗಡಿಯವಳು ಸ್ಟೇರಿಂಗ್ ಹಿಡಿದು ಕೂತಳು. ಅವನು ಅವಳ ಸೈಕಲ್ ತಳ್ಳಿಕೊಂಡು ಬಸ್ಸಿನ ಎಡಮೂಲೆಗೆ ಹೋಗಿ ನಿಂತ.

ಅವಳು ಕನ್ನಡಿ ನೋಡಿದಳು. ಅಂಗಳ, ಗೋಡೆ, ಬಿಸಿಲು. ಬಗ್ಗಿದಳು, ಕತ್ತು ಚಾಚಿದಳು. ಅವನಿಲ್ಲ.

"ಎಲ್ಲಿದ್ದೀರಿ?"

"ಇಲ್ಲೇ."

ದನಿ ಕೈಗೆಟುಕುವಷ್ಟು ಹತ್ತಿರ. ಅವನು ಮಾತ್ರ ಎಲ್ಲೂ ಇಲ್ಲ. ಅವನು ಹೆದರಿದ್ದು ಇದಕ್ಕೇ.

"ಸಾಕು, ಈಚೆ ಬನ್ನಿ!"

"ಏನಮ್ಮ, ಆಗ್ಲೇ ಹುಡುಕಾಡೋಕೆ ಶುರುನಾ?" ಅಕ್ಕ ನಕ್ಕಳು.

ಅವಳು ಇಳಿದು ಬಂದಳು.

"ಆ ತಿರುವಿನಲ್ಲಿ ದಿನಾ ದೇವರನ್ನ ನೆನೆಸ್ಕೊಂಡೇ ತಿರುಗಿಸ್ತೀನಿ," ಎಂದ ಅವನು.

"ಎಲ್ಲಾ ಭಾರ ದೇವರ ಮೇಲೇ ಹಾಕಿದ್ರೆ ಹೇಗೆ? ನೀವು ನಿಧಾನಕ್ಕೆ ತಿರುಗಿಸಿ. ನಾನು ಪಕ್ಕಕ್ಕೆ ನುಗ್ಗಲ್ಲ, ಹಿಂದೆ ನಿಲ್ತೀನಿ. ಕನ್ನಡಿಯಲ್ಲಿ ನಿಮ್ಮ ಮುಖ ನನಗೆ ಕಂಡ್ರೆ, ನಾನೂ ನಿಮಗೆ ಕಂಡ ಹಾಗೆ."

"ಕಂಪ್ಲೇಂಟು?"

"ನೋಡೋಣ."

ಅವನು ಹ್ಯಾಂಡಲ್ಲಿನ ಗಂಟೆಯನ್ನು ಸುಮ್ಮನೆ ಸವರುತ್ತ, "ಕನ್ನಡಿಯಲ್ಲೇ ಎಷ್ಟು ದಿನ ನೋಡ್ಲಿ?" ಎಂದುಬಿಟ್ಟ.

ಅವಳ ಕಿವಿ ಕೆಂಪಾಯಿತು. "ಹಾಗಾದ್ರೆ ರಜೆ ದಿನ ಸೈಕಲ್ ತಗೊಂಡು ನನ್ನ ಪಕ್ಕಕ್ಕೆ ಬನ್ನಿ. ನಿಮ್ಮ ಬಸ್ಸು ಎಷ್ಟು ದೊಡ್ಡದು ಅಂತ ನಿಮಗೂ ಗೊತ್ತಾಗ್ಲಿ."

ಅವನು ತಲೆ ತಗ್ಗಿಸಿದ. "ನನಗೆ ಸೈಕಲ್ ಬರಲ್ಲ."

"ಅಯ್ಯೋ ನಿನ್ನ! ಇಷ್ಟು ದೊಡ್ಡ ಗಾಡಿ ಓಡಿಸ್ತೀಯಲ್ಲೋ!" ಅಕ್ಕ ಹೊಟ್ಟೆ ಹಿಡಿದುಕೊಂಡಳು.

ಅವಳು ನಗಲಿಲ್ಲ. ಕೆಂಪು ಹೆಲ್ಮೆಟ್ಟನ್ನು ಅವನ ತಲೆಗಿಟ್ಟು ಗದ್ದದಡಿ ಪಟ್ಟಿ ಬಿಗಿದಳು. ಬೆರಳು ಅಲ್ಲೇ ತುಸು ನಿಂತಿತು. ಆಮೇಲೆ ಹಿಂದೆ ಹೋಗಿ ಕ್ಯಾರಿಯರ್ ಹಿಡಿದಳು.

ಸೈಕಲ್ಲು ಹಾವಿನಂತೆ ಹರಿಯಿತು. "ಬಿಡಬೇಡಿ, ಬಿಡಬೇಡಿ!"

"ಮುಂದೆ ನೋಡಿ ತುಳೀರಿ," ಎಂದಳು ಅವಳು ಏದುಸಿರಿನಲ್ಲಿ ಓಡುತ್ತ. "ನಿಮ್ಮನ್ನ ಬಿಟ್ಟು ಇನ್ನೆಲ್ಲಿಗೆ ಹೋಗ್ಲಿ?"