ಕೇಳಿ ಪಡೆದ ಪೀಶಕತ್ತಿ

"ಇದರಲ್ಲಿ ಕೊಯ್ದದ್ದನ್ನು ಯಾರಿಗೂ ತಿನ್ನಲಿಕ್ಕೆ ಕೊಡಬೇಡಿ ಮಾಸ್ಟ್ರೇ. ತಿಂದವರಿಗೆ ಮತ್ತೆ ನಿಮ್ಮ ಗುರ್ತ ಸಿಗುವುದಿಲ್ಲ."

ಸಾಣೆ ಹಿಡಿಯುವ ಅಬ್ಬಾಸ್ ಮೋಟರ್ ನಿಲ್ಲಿಸಿ ಇಷ್ಟು ಹೇಳಿದಾಗ ಸೃಜನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮೆಲ್ಕಾರಿನ ಹೆದ್ದಾರಿ ಬದಿಯಲ್ಲಿ, ಬಸ್ಸುಗಳ ಹಾರ್ನು ಕಿವಿಗೆ ಗುದ್ದುವ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಅಂಥ ಮಾತು ಕೇಳಿದರೆ ಯಾರಿಗಾದರೂ ನಗು ಬರುವುದೇ. ಆದರೆ ಅಂಗಡಿಯೊಳಗೆ ಬಿಸಿಲು ಬರುತ್ತಿರಲಿಲ್ಲ. ಅಲ್ಲಿ ಕತ್ತಲು, ಕಬ್ಬಿಣದ ಪುಡಿ ಮತ್ತು ಗ್ರೀಸಿನ ವಾಸನೆ. ಅದರ ನಡುವೆ ಇನ್ನೊಂದು ವಾಸನೆ ಸೇರಿಕೊಂಡಿತ್ತು, ಆಗಷ್ಟೇ ಆರಿಸಿದ ದೀಪದ ಬತ್ತಿಯದು. ಅದು ಹಲಗೆಯ ಮೇಲೆ ತೆರೆದು ಬಿದ್ದಿದ್ದ ಪೀಶಕತ್ತಿಯಿಂದ ಬರುತ್ತಿತ್ತು.

ಅಂಗೈಯಷ್ಟು ಉದ್ದದ ಮಡಚುವ ಕತ್ತಿ. ಎಮ್ಮೆ ಕೋಡಿನ ಹಿಡಿ, ಅದಕ್ಕೆ ಮೂರು ಹಿತ್ತಾಳೆಯ ಮೊಳೆ. ಹಿಂದಿನವರು ಅಡಕೆ ಹೋಳು ಮಾಡಲೆಂದು ಸೊಂಟದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದಂಥದು.

"ಎಲ್ಲಿ ಸಿಕ್ಕಿತು?" ಅಬ್ಬಾಸ್ ಕೇಳಿದರು.

"ಫ್ರೆಂಡ್ ಕೊಟ್ಟ."

"ಅವರಾಗಿ ಕೊಟ್ಟದ್ದಾ, ನೀವು ಕೇಳಿದ್ದಾ?"

"ನಾನೇ ಕೇಳಿದ್ದು. ಮೂರು ದಿನ ಕಾಡಿ ಬೇಡಿ ಇಸ್ಕೊಂಡೆ."

ಎಪ್ಪತ್ತು ದಾಟಿದ ಅಬ್ಬಾಸ್ ಬರಿಗೈ ತಾಗದಂತೆ ಬಟ್ಟೆಯಲ್ಲಿ ಹಿಡಿದು ಕತ್ತಿಯನ್ನು ಅವನತ್ತ ಸರಿಸಿದರು. "ಬೆಳ್ತಂಗಡಿ ಹತ್ತಿರದ ನೆರಿಯದ ಅಣ್ಣತಮ್ಮಂದಿರ ಜಗಳದಲ್ಲಿ ಮಾಡಿಸಿದ ಮಾಟ ಇದು. ತಮ್ಮನನ್ನು ಮನೆಯವರಿಂದ ಬೇರೆ ಮಾಡ್ಲಿಕ್ಕೆ ಅಣ್ಣ ಮಾಡಿಸಿದ್ದು. ಹಿಡಿಯ ಒಳಗೆ ತಾಮ್ರದ ತಗಡು ಉಂಟು. ನನ್ನ ತಂದೆ ಇದನ್ನು ಮುಟ್ಟುತ್ತಿರಲಿಲ್ಲ, ನಾನೂ ಮುಟ್ಟುವುದಿಲ್ಲ."

"ಉಕ್ಕಿಗೆ ಮಂತ್ರ ಕೇಳಿಸಲ್ಲ ಸಾಹೇಬ್ರೇ," ಎಂದ ಸೃಜನ್. ಚೀಲದಿಂದ ಒಂದು ಪೇರಳೆ ತೆಗೆದು ನಾಲ್ಕು ಹೋಳು ಮಾಡಿ ಬೇಕೆಂದೇ ಅವರ ಮುಂದೆ ಹಿಡಿದ. ಮುದುಕರು ಕೈ ಹಿಂದಕ್ಕೆಳೆದುಕೊಂಡರು. ಅವನೇ ಒಂದು ಹೋಳು ಬಾಯಿಗೆ ಹಾಕಿಕೊಂಡ. "ನೋಡಿ, ನನ್ನ ಹೆಸರು ನನಗೆ ನೆನಪಿದೆ!"

"ಹಿಡಿದವನಿಗೆ ಏನೂ ಆಗುವುದಿಲ್ಲ," ಎಂದರು ಅಬ್ಬಾಸ್, ಮೆಲ್ಲಗೆ. "ಅವನಿಗೆ ಎಲ್ಲ ನೆನಪಿರ್ತದೆ."

ದಾವಣಗೆರೆಯಿಂದ ಬಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಸೃಜನ್‌ಗೆ ಹಳೆಯ ಜೇಬುಗತ್ತಿಗಳೆಂದರೆ ಹುಚ್ಚು. ಮನೆಯಲ್ಲಿ ನಲವತ್ತೊಂದು ಇದ್ದವು. ಬೇರೆ ಸಂಗ್ರಾಹಕರು ಗಾಜಿನ ಪೆಟ್ಟಿಗೆಯಲ್ಲಿಟ್ಟು ಧೂಳು ಒರೆಸುತ್ತಾರೆ. ಈ ಮಹಾಶಯನ ರೀತಿಯೇ ಬೇರೆ. ಕೆಲಸಕ್ಕೆ ಬಾರದ ಕತ್ತಿ ಸತ್ತಂತೆ ಎಂದು ಅವನ ವಾದ. ದಿನಕ್ಕೊಂದನ್ನು ಜೇಬಿಗೆ ಹಾಕಿಕೊಳ್ಳುವುದು, ಕಂಡವರಿಗೆಲ್ಲ ಹಣ್ಣು ಹೆಚ್ಚಿ ಕೊಡುವುದು, ಅವರು ತಿನ್ನುವಾಗ ಕತ್ತಿಯ ಪುರಾಣ ಹೇಳುವುದು. ಯಾರಲ್ಲೂ ಒಂದು ಲೋಟ ನೀರು ಕೇಳಲು ನಾಚುವವನು ಕತ್ತಿ ಕಂಡರೆ ಮಾತ್ರ ಲಜ್ಜೆಗೆಟ್ಟು ಬೇಡುತ್ತಿದ್ದ.

ಅದು ಶೇಖರನಿಗೆ ಚೆನ್ನಾಗಿ ಗೊತ್ತಿತ್ತು. ಕನ್ನಡ ಉಪನ್ಯಾಸಕ ಶೇಖರ ಬೆಳ್ತಂಗಡಿಯ ನೆರಿಯದವನು. ಈ ಪರವೂರಿನಲ್ಲಿ ಸೃಜನ್‌ಗೆ ಸಿಕ್ಕ ಒಬ್ಬನೇ ಗೆಳೆಯ. ಭಾನುವಾರಗಳಲ್ಲಿ ತನ್ನ ಬೈಕಿನಲ್ಲಿ ಕೂರಿಸಿಕೊಂಡು ಹಳ್ಳಿ ಹಳ್ಳಿ ಸುತ್ತಿಸಿ ಹದಿನೈದಾದರೂ ಕತ್ತಿ ಕೊಡಿಸಿದವನು. ಸೃಜನ್‌ನ ಮಗಳು ವಿಸ್ಮಿತಾಳಿಗೆ ಜ್ವರ ಏರಿದಾಗ ಆಸ್ಪತ್ರೆಯಲ್ಲಿ ಎರಡು ದಿನ ಜೊತೆಗೆ ಕೂತವನು. ಶೇಖರನ ಹೆಂಡತಿ ಸ್ವರ್ಣಲತಾ ಒಂದು ವರ್ಷದಿಂದ ತವರಿನಲ್ಲಿದ್ದಳು. ಏಕೆಂದು ಸೃಜನ್ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಕಳೆದ ವಾರ ಶೇಖರ ಸ್ಟಾಫ್‌ರೂಮಿನಲ್ಲಿ ಆ ಪೀಶಕತ್ತಿಯನ್ನು ತೆಗೆದು ಪೆನ್ಸಿಲ್ ಕೆತ್ತತೊಡಗಿದ. ಸೃಜನ್ ಹಾರಿಬಿದ್ದು, ನನಗೆ ಕೊಡು ಎಂದ.

"ಬೇಡ ಮಾರಾಯ, ಇದನ್ನು ಮಾತ್ರ ಕೇಳಬೇಡ," ಎಂದು ಶೇಖರ ಮಡಚಿ ಒಳಗಿಟ್ಟ. ಮರುದಿನ ಮತ್ತೆ ತೆಗೆದ, ಮತ್ತೆ ಇಟ್ಟ. ಮೂರನೆಯ ದಿನ ಸೃಜನ್ ಕೈಮುಗಿದು ಕೇಳಿದ. ಆಗ ಶೇಖರ ಎದ್ದು ಬಾಗಿಲು ಹಾಕಿ ಬಂದ. "ನೀನೇ ಬಾಯಿಬಿಟ್ಟು ಕೇಳ್ತಿದ್ದಿ ಅಲ್ವಾ? ನಾನಾಗಿ ಕೊಟ್ಟದ್ದಲ್ಲ," ಎಂದು ಎರಡು ಸಲ ಕೇಳಿ, ಹೌದೆನ್ನಿಸಿಕೊಂಡು, ಕೊಟ್ಟ. ಕೊಟ್ಟವನೇ ಕೈಚಾಚಿ, "ಮೊದಲ ಹೋಳು ನನಗೆ," ಎಂದ. ಸೃಜನ್ ಊಟದ ಡಬ್ಬಿಯಲ್ಲಿದ್ದ ಮುಳ್ಳುಸೌತೆ ಹೆಚ್ಚಿದ. ಹೋಳನ್ನು ಬಾಯಿಗಿಡುವಾಗ ಶೇಖರನ ಕಣ್ಣಲ್ಲಿ ನೀರಿತ್ತು. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರೆಂದು ಸೃಜನ್ ಹೊರಗೆ ಹೋದ. ತಿರುಗಿ ಬಂದಾಗ ಗೆಳೆಯನ ಕುರ್ಚಿ ಖಾಲಿ. ರಜೆ ಶುರುವಾಗಿತ್ತು, ಊರಿಗೆ ಹೊರಟಿರಬೇಕೆಂದುಕೊಂಡ.

ಅಬ್ಬಾಸರ ಅಂಗಡಿಯಿಂದ ಸೃಜನ್ ನೇರ ಕಾಲೇಜಿಗೆ ಹೋದ. ಆಫೀಸಿನ ಕ್ಲರ್ಕ್ ಮುರ್ಶಿದಾ ಅವನು ಕೊಟ್ಟಿದ್ದ ಪಿ.ಎಫ್. ಅರ್ಜಿ ನೋಡುತ್ತಿದ್ದಳು. ಅಬ್ಬಾಸರ ಕತೆಯನ್ನು ರಸವತ್ತಾಗಿ ಹೇಳಿ ನಗಿಸಿ, ಉಳಿದ ಪೇರಳೆ ಹೋಳು ಕೊಟ್ಟ. ಅವಳು ನಗುತ್ತಲೇ ತಿಂದಳು. ನಗು ನಿಂತಿತು.

"ಯಾರು ಬೇಕಿತ್ತು ಸರ್?"

"ಭಾರೀ ಆಕ್ಟಿಂಗ್ ಕಣಮ್ಮಾ!" ಎಂದ ಅವನು. ಅವಳು ಗಲಿಬಿಲಿಯಿಂದ ಕೈಯಲ್ಲಿದ್ದ ಅರ್ಜಿಯ ಹೆಸರು ಓದಿ, ಅವನ ಮುಖ ನೋಡಿದಳು. "ಪೇರೆಂಟಾ? ಯಾವ ಕ್ಲಾಸು?" ಕತೆ ಕೇಳಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಅವನು ಬೈಕ್ ಹತ್ತಿದ. ಆದರೂ ದಾರಿಯುದ್ದಕ್ಕೂ ಆ ಬತ್ತಿಯ ವಾಸನೆ ಮೂಗಿನಿಂದ ಹೋಗಲಿಲ್ಲ.

ಅವನ ಬಾಡಿಗೆ ಮನೆ ಮೂಡುಬಿದಿರೆಯ ಪುತ್ತಿಗೆಯಲ್ಲಿ, ಸಂಕಪ್ಪನವರ ಕಂಪೌಂಡಿನೊಳಗೆ. ಸುತ್ತ ಬೇರೆ ಮನೆಯಿಲ್ಲ. ಮರುದಿನ ಬೆಳಿಗ್ಗೆ ಸಂಕಪ್ಪ ದಂಪತಿ ಜಗಲಿಯಲ್ಲಿ ಕೂತಿದ್ದಾಗ, ಭಯ ಸುಳ್ಳೆಂದು ತನಗೇ ತೋರಿಸಿಕೊಳ್ಳಲೋ ಎಂಬಂತೆ, ಸೃಜನ್ ಒಂದು ಪಪ್ಪಾಯಿ ಕೊಯ್ದು ಇಬ್ಬರಿಗೂ ಕೊಟ್ಟ. ಇಬ್ಬರೂ ತಿಂದರು. ಸಂಕಪ್ಪ ಬಾಯಿ ಒರೆಸಿಕೊಂಡು ತಲೆಯೆತ್ತಿದರು.

"ಮನೆ ನೋಡ್ಲಿಕ್ಕೆ ಬಂದದ್ದಾ? ಖಾಲಿ ಇಲ್ಲ. ಒಬ್ಬರು ಟೀಚರಮ್ಮ ಇದ್ದಾರೆ, ಮಗಳೊಟ್ಟಿಗೆ."

ಸೃಜನ್ ಒಳಗೆ ಓಡಿ ಕತ್ತಿಯನ್ನು ಅಡುಗೆಮನೆಯ ಮೇಲಿನ ಹಲಗೆಗೆ ಎಸೆದ. ಅದನ್ನು ಮೈಮೇಲೆ ಇಟ್ಟುಕೊಳ್ಳುವ ಧೈರ್ಯ ಉಳಿದಿರಲಿಲ್ಲ. ಟೀಚರಾಗಿದ್ದ ಹೆಂಡತಿ ಸಾತ್ವಿಕಾ ಬಟ್ಟೆ ಒಣಹಾಕುತ್ತಿದ್ದಳು. ಹೇಳಬೇಕಿತ್ತು. ದೃಷ್ಟಿ ತೆಗೆಯಲು ಬಂದ ಅತ್ತೆಯನ್ನು ಲೇವಡಿ ಮಾಡಿ ಅಳಿಸಿದ್ದ ಮನುಷ್ಯ ಈಗ ಮಾಟ ಎನ್ನುವುದು ಹೇಗೆ? ಆ ಒಂದು ಒಣ ಜಂಬಕ್ಕೆ ಅವನು ಸುಮ್ಮನೆ ಬೈಕ್ ಹತ್ತಿ ಮೆಲ್ಕಾರಿಗೆ ಹೊರಟ.

ಅಬ್ಬಾಸ್ ಅವನ ಮುಖ ನೋಡಿ ಸ್ಟೂಲು ಎಳೆದು ಕೊಟ್ಟರು. "ಎಷ್ಟು ಜನ ತಿಂದರು?"

"ಮೂರು... ನಾಲ್ಕು. ಇದಕ್ಕೆ ದಾರಿ ಹೇಳಿ ಸಾಹೇಬ್ರೇ."

"ಕೈ ಬದಲಾದರೆ ಮರೆತವರಿಗೆಲ್ಲ ನೆನಪು ಬರ್ತದೆ. ಆದರೆ ತೆಗೆದುಕೊಳ್ಳುವವರು ಅವರಾಗಿ ಬಾಯಿಬಿಟ್ಟು ಕೇಳಬೇಕು. ಬಿಸಾಡಿದರೆ, ಸುಮ್ಮನೆ ಕೊಟ್ಟರೆ, ಅದು ಬಿಡುವುದಿಲ್ಲ." ಅಬ್ಬಾಸ್ ತಲೆ ತಗ್ಗಿಸಿದರು. "ಕಳೆದ ವರ್ಷ ಇದನ್ನು ಕರಗಿಸಿ ಕೊಡಿ ಅಂತ ಒಬ್ಬರು ಬಂದಿದ್ದರು. ನೆರಿಯದವರು, ಉದ್ದಕ್ಕೆ, ಕನ್ನಡ ಕಲಿಸುವುದಂತೆ. ಹೆಂಡತಿ ತನ್ನ ಗುರ್ತ ಮರೆತು ತವರಿಗೆ ಹೋಗಿದ್ದಾಳೆ ಅಂತ ಈ ಸ್ಟೂಲಿನಲ್ಲೇ ಕೂತು ಅತ್ತರು. ನಾನು ಇದೇ ದಾರಿ ಹೇಳಿದೆ. 'ಕೊಟ್ಟ ಮೇಲೆ ಆ ಪಾಪದಲ್ಲಿ ನನಗೆ ನಿದ್ರೆ ಬರುವುದು ಹೇಗೆ' ಅಂತ ಕೇಳಿದರು. ಅದಕ್ಕೆ ನಾನೇನು ಹೇಳುವುದು?"

ಉತ್ತರವನ್ನು ಶೇಖರ ತಾನೇ ಕಂಡುಕೊಂಡಿದ್ದ. ಮೊದಲ ಹೋಳು ನನಗೆ.

ಸೃಜನ್ ಶೇಖರನಿಗೆ ಫೋನ್ ಮಾಡಿದ. ಆ ಕಡೆ ಪಾತ್ರೆಗಳ ಸದ್ದು, ಹೆಂಗಸೊಬ್ಬಳ ನಗು. ಸ್ವರ್ಣಲತಾ ಮನೆಗೆ ಬಂದಿದ್ದಳು.

"ಹಲೋ, ಯಾರು?"

"ಶೇಖರ, ನಾನು ಸೃಜನ್. ಯಾಕೆ ಹಿಂಗ್ ಮಾಡ್ದೆ ಹೇಳು."

"ಯಾವ ಸೃಜನ್? ನಿಮಗೆ ನಂಬರ್ ತಪ್ಪಿದೆ ಅಂತ ಕಾಣ್ತದೆ ಸರ್."

ಆ ದನಿಯಲ್ಲಿ ಸುಳ್ಳಿರಲಿಲ್ಲ. ಅದೇ ಎದೆಗೆ ಇರಿಯಿತು. ಮೋಸ ಮಾಡಿದವನನ್ನು ಬಯ್ಯಬಹುದು, ಕಾಲರ್ ಹಿಡಿದು ಕೇಳಬಹುದು. ಮಾಡಿದ ಮೋಸವನ್ನೇ ಮರೆತು ಹೆಂಡತಿಯ ಕೈಯೂಟ ಉಣ್ಣುತ್ತಿರುವವನನ್ನು ಏನು ಮಾಡುವುದು? ಆಸ್ಪತ್ರೆಯಲ್ಲಿ ಕೂತ ಆ ಎರಡು ದಿನ, ಆ ಭಾನುವಾರಗಳು, ಎಲ್ಲವೂ ಈ ಕತ್ತಿಗಾಗಿ ಹಾಕಿದ ಗಾಳದಂತೆ ಸೃಜನ್‌ಗೆ ಕಂಡವು.

"ಕತ್ತಿ ಈಗ ಎಲ್ಲುಂಟು?" ಅಬ್ಬಾಸ್ ಗಾಬರಿಯಿಂದ ಕೇಳಿದರು.

ಮನೆಯಲ್ಲಿ. ಅಡುಗೆಮನೆಯಲ್ಲಿ. ಅವನು ಸಾತ್ವಿಕಾಳಿಗೆ ಫೋನ್ ಮಾಡಿದ. ಮೂರು ರಿಂಗು. ನಾಲ್ಕು.

"ಎಲ್ ಹೋದ್ರಿ ಹೇಳ್ದೆ ಕೇಳ್ದೆ? ಮಾವಿನಹಣ್ಣು ಹೆಚ್ತಾ ಇದೀನಿ. ನಿಮ್ಮ ಹೊಸ ಕತ್ತಿ ಎಷ್ಟ್ ಚೂಪಾಗಿದೆ ರೀ..."

"ತಿನ್ಬೇಡ! ಸಾತ್ವಿಕಾ, ತಿನ್ಬೇಡ!"

"ಏನು? ಕೇಳಿಸ್ತಿಲ್ಲ. ತುಂಬಾ ಸಿಹಿ ಇದೆ, ಬೇಗ ಬ..."

ಜಗಿಯುವ ಸದ್ದು.

"ಹಲೋ? ಯಾರ್ ಮಾತಾಡ್ತಿರೋದು?"

ಬಂಟ್ವಾಳ, ಸಿದ್ಧಕಟ್ಟೆ, ಮೂಡುಬಿದಿರೆ. ದಾರಿ ಅವನಿಗೆ ಕಾಣಲಿಲ್ಲ. ಒಂದೇ ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ಮಗಳು ವಿಸ್ಮಿ ಡ್ಯಾನ್ಸ್ ಕ್ಲಾಸಿನಿಂದ ಒಂದು ಗಂಟೆಗೆ ಬರುತ್ತಾಳೆ. ಅವಳು ತಿಂದಿಲ್ಲ. ಇನ್ನೂ ತಿಂದಿಲ್ಲ.

ಗೇಟಿನಲ್ಲಿ ಆಗತಾನೇ ವ್ಯಾನಿನಿಂದ ಇಳಿಯುತ್ತಿದ್ದಳು. "ಅಪ್ಪಾ!" ಎಂದು ಓಡಿಬಂದು ಕಾಲು ಅಪ್ಪಿಕೊಂಡಳು. ಅವಳನ್ನೆತ್ತಿ ಸೊಂಟದ ಮೇಲಿಟ್ಟುಕೊಂಡೇ ಅಡುಗೆಮನೆಗೆ ನುಗ್ಗಿದ. ಕಟ್ಟೆಯ ಮೇಲೆ ಕತ್ತಿ ತೆರೆದಿತ್ತು. ಅಲಗಿನಲ್ಲಿ ಹಳದಿ ರಸ. ಬತ್ತಿಯ ವಾಸನೆ ಉಸಿರು ಕಟ್ಟಿಸುವಷ್ಟಿತ್ತು. ಕತ್ತಿ ಕೈಗೆತ್ತಿಕೊಂಡ.

ಸಾತ್ವಿಕಾ ಕಿರುಚಿದಳು.

ಅವಳು ಕಂಡದ್ದು ಗಂಡನನ್ನಲ್ಲ. ಅವಳು ಕಂಡದ್ದು ತನ್ನ ಮಗುವನ್ನು ಹಿಡಿದು ಚೂರಿ ಎತ್ತಿದ ಯಾರೋ ಒಬ್ಬನನ್ನು. ಸಂಕಪ್ಪ ಓಡಿಬಂದರು. ತೆಂಗಿನಕಾಯಿ ಕೀಳಲು ಬಂದಿದ್ದ ಇಬ್ಬರು ಹಿಂದೆಯೇ ಬಂದರು.

"ಏರ್ ಯಾ ಈ? ಯಾರು ನೀನು? ಮಗುವನ್ನು ಬಿಡು!"

"ಸಂಕಪ್ಪನೋರೇ, ನಾನು ನಿಮ್ಮ ಬಾಡಿಗೆದಾರ! ಈ ಕತ್ತಿ ಬೇಕು ಅನ್ನಿ. ಒಂದ್ ಸಲ ಅನ್ನಿ ಸಾಕು!"

"ಕತ್ತಿ ಬಿಸಾಡು!"

"ಬಿಸಾಡು" ಎಂದರು ಎಲ್ಲರೂ. ಬೇಕು ಎನ್ನುವವರು ಒಬ್ಬರೂ ಇರಲಿಲ್ಲ. ಯಾರಾದರೂ ಕೇಳಿದರೆ ಕೊಟ್ಟೇಬಿಡುತ್ತೇನೆ, ಈ ಮುದುಕ ಸಂಕಪ್ಪನಿಗಾದರೂ ಕೊಟ್ಟೇಬಿಡುತ್ತೇನೆ ಎಂದು ಮನಸ್ಸು ಹಾತೊರೆಯಿತು. ಶೇಖರನಿಗೂ ಹೀಗೆಯೇ ಆಗಿದ್ದಿರಬೇಕು.

ಆಗ ಒಂದು ಪುಟ್ಟ ಕೈ ಅವನ ಗಲ್ಲ ಮುಟ್ಟಿತು.

"ಅಪ್ಪಾ, ಆ ಕತ್ತಿ ನಂಗೆ ಕೊಡು. ಆಗ ನಿಂಗೆ ಯಾರೂ ಬಯ್ಯಲ್ಲ."

ಹಿಡಿ ಬೆಚ್ಚಗಾಯಿತು. ಬೆರಳುಗಳು ತಾವಾಗಿಯೇ ಸಡಿಲವಾದವು. ಕೊಟ್ಟರೆ ಸಾಕು. ಈ ಕ್ಷಣವೇ ಸಾತ್ವಿಕಾ "ರೀ" ಎನ್ನುತ್ತಾಳೆ. ಎಲ್ಲ ಮೊದಲಿನಂತೆ. ಆಮೇಲೆ ಇವಳು, ಆರು ವರ್ಷದ ಇವಳು, ಗೆಳತಿಗೊಂದು ಹೋಳು ಕೊಡುತ್ತಾಳೆ. ಅಮ್ಮನಿಗೊಂದು ಹೋಳು ಕೊಡುತ್ತಾಳೆ.

"ಇಲ್ಲ ಪುಟ್ಟಾ," ಎಂದ. ಮುಷ್ಟಿ ಬಿಗಿದ. ಅಲಗು ಮಡಚಿ ಬೆರಳುಗಳ ಮೇಲೆ ಕೂತಿತು. ಎಲುಬಿನ ತನಕ ಇಳಿಯಿತು. ಅವನು ಕೈ ಬಿಡಲಿಲ್ಲ.

ಬೆನ್ನಿಗೆ ಏಟು ಬಿತ್ತು. ಮಗುವನ್ನು ಕಿತ್ತುಕೊಂಡರು. ಜಗಲಿಗೆ ಎಳೆದು ನೆಲಕ್ಕೆ ಕೆಡವಿ ಮೊಣಕಾಲೂರಿದರು. ಕೆಂಪು ನೆಲದ ಮೇಲೆ ರಕ್ತ ಹರಿಯಿತು. ವಿಸ್ಮಿ ಎದೆಯೊಡೆದು ಅಳುತ್ತಿದ್ದಳು. "ನಮ್ಮಪ್ಪ ಅದು! ನಮ್ಮಪ್ಪನ್ನ ಬಿಡಿ!" ಇಡೀ ಮನೆಯಲ್ಲಿ ಅವನ ಗುರುತು ಹಿಡಿದ ಜೀವ ಅದೊಂದೇ ಆಗಿತ್ತು.

"ಹೆದರಿದೆ ಮಗು," ಎಂದರು ಸಂಕಪ್ಪ. "ಏನಾದರೂ ತಿನ್ನಲಿಕ್ಕೆ ಕೊಡಿ ಟೀಚರಮ್ಮ, ಅಳು ನಿಲ್ತದೆ."

ಸಾತ್ವಿಕಾ ಫ್ರಿಜ್ಜಿನಿಂದ ಬಟ್ಟಲು ತಂದಳು. ಅದರಲ್ಲಿ ಮಾವಿನ ಹೋಳುಗಳು. ಸೃಜನ್ ಕೂಗಿದ. ಒಂದು ಒರಟು ಅಂಗೈ ಅವನ ಬಾಯಿ ಮುಚ್ಚಿತು. ಕಚ್ಚಿದ. ಇನ್ನೂ ಬಿಗಿಯಾಗಿ ಮುಚ್ಚಿತು. ತಾಯಿ ಒಂದು ಹೋಳನ್ನು ಮಗಳ ಬಾಯಿಗಿಟ್ಟಳು. ಬಿಕ್ಕುತ್ತಲೇ ಮಗು ಜಗಿಯಿತು. ನುಂಗಿತು.

ಅಳು ನಿಂತಿತು.

ವಿಸ್ಮಿ ಅಮ್ಮನ ಸೆರಗಿನಿಂದ ಮೂಗು ಒರೆಸಿಕೊಂಡಳು. ನೆಲದ ಮೇಲೆ ಬಿದ್ದವನನ್ನು ಕುತೂಹಲದಿಂದ ನೋಡಿದಳು. ಒಂದು ಹೆಜ್ಜೆ ಹಿಂದೆ ಸರಿದು ಅಮ್ಮನ ಕೈ ಹಿಡಿದುಕೊಂಡಳು.

"ಅಮ್ಮಾ, ಈ ಅಂಕಲ್ ಯಾಕೆ ಅಳ್ತಾ ಇದಾರೆ?"