ಹಿಂದಕ್ಕೆ ಹಾಕಿದ ಮೂರು ಹೊಲಿಗೆ

“ಇವನ ಕೈಗೆ ಕುದುರೆ ಕೊಟ್ಟೋರು ಯಾರು? ಒಂದು ಕತ್ತೆ ಕೊಡಿ. ಅಣ್ಣ ತಮ್ಮ ಹೊಂದ್ಕೊಂಡು ಹೋಗ್ತಾರೆ.”

ದೊರೆಸಾನಿ ಈ ಮಾತು ಹೇಳಿದ್ದು ಕೋಟೆಯ ಲಾಯದ ಅಂಗಳದಲ್ಲಿ, ಹದಿನೆಂಟು ಜನರ ಮುಂದೆ. ಹುಲ್ಲು ಹೊರುವವರು, ನೀರು ಸೇದುವವರು, ಲಾಳ ಹೊಡೆಯುವವನು, ಎಲ್ಲರೂ ನಕ್ಕರು. ದೊಡ್ಡವರು ತಮಾಷೆ ಮಾಡಿದಾಗ ನಗುವುದೂ ಕೆಲಸದೊಳಗೇ ಸೇರಿದೆ. ಹೊಸಬ ಮಾಡಿದ ತಪ್ಪು ಇಷ್ಟೇ: ಸತ್ತ ದೊರೆಯ ಹೆಣ್ಣು ಕುದುರೆಯ ಜೂಲನ್ನು ಎಡಕ್ಕೆ ಬಾಚುವ ಬದಲು ಬಲಕ್ಕೆ ಬಾಚಿದ್ದ.

ಅವನ ಕಿವಿ ಸುಟ್ಟಿತು. ಕತ್ತೆ ಅಂದದ್ದಕ್ಕಲ್ಲ, ಅಣ್ಣ ತಮ್ಮ ಅಂದದ್ದಕ್ಕೆ. ಅವನ ಅಣ್ಣ ಇದೇ ಅಂಗಳದ ಕೆಳಗಿನ ನೆಲಮಾಳಿಗೆಯಲ್ಲಿ, ಬಲಗೈಗೆ ಸರಪಳಿ ಹಾಕಿಸಿಕೊಂಡು ಹತ್ತು ತಿಂಗಳಿಂದ ಕೂತಿದ್ದ.

“ಕತ್ತೆ ಕೊಟ್ರೆ ಸಂತೋಷವೇ ಅಮ್ಮಾವ್ರೇ,” ಅಂದ ಹೊಸಬ. “ಅದು ಒದೆಯೋದಾದ್ರೆ ಸುಮ್ನೆ ಒದ್ದುಬಿಡುತ್ತೆ. ಹತ್ತು ಜನರನ್ನ ಸೇರಿಸ್ಕೊಂಡು ಒದೆಯೋ ಅಭ್ಯಾಸ ಅದಕ್ಕಿಲ್ಲ.”

ನಗು ನಿಂತಿತು. ಲಾಯದ ಯಜಮಾನಿಕೆ ನೋಡುವ ಅಜ್ಜ ಕಣ್ಣು ಮುಚ್ಚಿಕೊಂಡ, ಇನ್ನು ಇವನ ಕಥೆ ಮುಗಿಯಿತು ಅನ್ನುವ ಹಾಗೆ. ದೊರೆಸಾನಿ ಮಾತ್ರ ಅವನನ್ನು ಮೊದಲ ಸಲ ಸರಿಯಾಗಿ ನೋಡಿದಳು. ಬೂದು ಬಟ್ಟೆ, ಬೂದು ಸೆರಗು, ನಡುವೆ ನಿದ್ದೆ ಕಾಣದ ಎರಡು ಕಣ್ಣು. ಆ ಕಣ್ಣು ಅವನ ಮುಖದಿಂದ ಕೈಗೆ ಇಳಿದು, ಅಲ್ಲೇ ಸ್ವಲ್ಪ ಹೊತ್ತು ನಿಂತು, ಮತ್ತೆ ಮುಖಕ್ಕೆ ಹತ್ತಿತು.

“ಒಂದು ವಾರ ಲದ್ದಿ ಬಾಚು,” ಎಂದಳು. “ನಾಲಿಗೆಯಿಂದಲ್ಲ, ಸಲಿಕೆಯಿಂದ.”

ಅವನು ಲದ್ದಿ ಬಾಚಿದ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಅವನ ದವಡೆ ಹುಟ್ಟಿದಾಗಿನಿಂದಲೂ ಅಪಾಯದಲ್ಲೇ ಇತ್ತು.

ಅವನು ಕುದುರೆ ನೋಡಿಕೊಳ್ಳುವವನೇ ಅಲ್ಲ. ಕುದುರೆಯ ಬೆನ್ನಿಗೆ ಹಾಕುವ ಜೀನು ಹೊಲಿಯುವ ಮನೆಯವನು. ಅಪ್ಪ ಸತ್ತ ಮೇಲೆ ಅಣ್ಣನೇ ಅವನ ಕೈಗೆ ಸೂಜಿ ಕೊಟ್ಟು, ತಲೆಗೆ ಮೊಟಕಿ, ಕೆಲಸ ಕಲಿಸಿದವನು. ದೊರೆಯ ಜೀನು ಹೊಲಿದವನೂ ಅಣ್ಣನೇ. ಕುದುರೆ ಓಡುತ್ತಿದ್ದಾಗ ಜೀನನ್ನು ಬಿಗಿಯುವ ಹೊಟ್ಟೆಪಟ್ಟಿ ಹರಿಯಿತು, ದೊರೆ ಕಲ್ಲಿನ ಮೇಲೆ ಬಿದ್ದ, ಎರಡು ದಿನಕ್ಕೆ ಸತ್ತ. ಪಟ್ಟಿ ಹರಿದಿದೆ, ಪಟ್ಟಿ ಮಾಡಿದವನು ಇವನು. ವಿಚಾರಣೆ ಅಲ್ಲಿಗೆ ಮುಗಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕೆಲಸ ಕೆಡಿಸಿದ ಬಲಗೈಯನ್ನು ಕಡಿಯಬೇಕು, ಅದೂ ಶೋಕದ ವರ್ಷ ತುಂಬುವ ದಿನ, ತನ್ನ ಕಣ್ಣೆದುರಿಗೇ ಆಗಬೇಕು ಎಂದು ಕೇಳಿಕೊಂಡವಳು ದೊರೆಸಾನಿ.

ಆ ಪಟ್ಟಿಯನ್ನು ಒಮ್ಮೆ ತೋರಿಸಿ ಎಂದು ಮನೆಯವರು ಮೂರು ಸಲ ಅರ್ಜಿ ಕೊಟ್ಟರು. ಜೀನು ಹೊಲಿಯುವವರು ಕೋಟೆಯ ಬಾಗಿಲು ದಾಟಬಾರದು ಎಂದು ಉತ್ತರ ಬಂತು. ಹಾಗಾಗಿ ತಮ್ಮನೇ ಗಡ್ಡ ಬೋಳಿಸಿ, ಕುದುರೆ ವ್ಯಾಪಾರಿಗಳ ಹಿಂದೆ ಹೊಸಬನಾಗಿ ಒಳಗೆ ಬಂದ. ವರ್ಷ ತುಂಬಲು ಎಂಟು ವಾರ ಇತ್ತು. ಹರಿದ ಪಟ್ಟಿ ದೊರೆಸಾನಿಯ ಕೋಣೆಯಲ್ಲಿದೆ, ಆ ಕೋಣೆಗೆ ಗಾಳಿಗೂ ಅಪ್ಪಣೆ ಬೇಕು ಎಂದು ಮೊದಲ ದಿನವೇ ಗೊತ್ತಾಯಿತು.

ಅವಳು ದಿನಾ ಬೆಳಿಗ್ಗೆ ಲಾಯಕ್ಕೆ ಬರುತ್ತಿದ್ದಳು. ಕುದುರೆಯ ಎದುರು ನಿಂತು ಅದನ್ನು ದಿಟ್ಟಿಸುತ್ತಿದ್ದಳು. ಮುಟ್ಟುತ್ತಿರಲಿಲ್ಲ.

“ಅದಕ್ಕೆ ಬೈಯಬೇಕಾದ್ರೆ ಬೈದುಬಿಡಿ ಅಮ್ಮಾವ್ರೇ,” ಅಂದ ಹೊಸಬ ಒಂದು ದಿನ. “ಹೀಗೆ ಗುರಾಯಿಸಿದ್ರೆ ಅದು ಮೇವು ಬಿಡುತ್ತೆ.”

“ನಿನ್ನನ್ನ ಕೇಳಿದ್ನಾ?”

“ಇಲ್ಲ. ಕುದುರೆ ಕೇಳ್ತು.”

“ಏನಂತ?”

“ಈಯಮ್ಮಂಗೆ ಗುರಾಯಿಸೋಕೆ ಮನೇಲಿ ಬೇರೆ ಯಾರೂ ಸಿಗಲ್ವಾ ಅಂತ.”

ಅವಳು ನಕ್ಕಳು. ಚೂರೇ ಚೂರು, ಮೂಗಿನಲ್ಲಿ. ನಕ್ಕದ್ದು ತನಗೇ ಕೇಳಿಸಿ ಗಾಬರಿಯಾದಳು. ಒಂದು ವರ್ಷದಿಂದ ಮುಚ್ಚಿಟ್ಟ ಪೆಟ್ಟಿಗೆ ಯಾರೋ ತೆರೆದ ಹಾಗೆ ಕೆನ್ನೆ ಕೆಂಪಾಯಿತು. ಮರುಕ್ಷಣ ಆ ಕೆಂಪು ಸಿಟ್ಟಾಯಿತು.

“ಇನ್ನೊಂದು ವಾರ ಲದ್ದಿ,” ಎಂದಳು.

“ನಗಿಸಿದ್ದಕ್ಕಾ?”

“ಹೌದು.”

“ಅಳಿಸಿದ್ರೆ ಬಡ್ತಿ ಸಿಗುತ್ತಾ?”

ಅವಳು ಹೊರಟುಹೋದಳು. ಮರುದಿನ ಒಂದು ಗಳಿಗೆ ಮುಂಚೆಯೇ ಬಂದಳು.

“ನಿನ್ನ ಬಾಯಿಗೆ ಲಗಾಮು ಹಾಕೋರಿಲ್ಲ,” ಎಂದ ಅಜ್ಜ ಹುಲ್ಲು ಕತ್ತರಿಸುತ್ತ. “ಆದ್ರೂ ಆಯಮ್ಮನಿಗೆ ಎದುರು ಮಾತಾಡೋ ಒಂದು ಪ್ರಾಣಿ ಬೇಕಾಗಿತ್ತು ಕಣೋ. ಎಲ್ಲರೂ ಹೆಣದ ಮನೇಲಿ ಮಾತಾಡಿದ ಹಾಗೆ ಮೆತ್ತಗೆ ಮಾತಾಡಿ ಮಾತಾಡಿ ಸಾಯಿಸಿಟ್ಟಿದ್ರು.”

ಹೊಸಬ ಉಗುಳಿದ. ಅವಳನ್ನು ದ್ವೇಷಿಸಲೆಂದೇ ಬಂದವನು. ದ್ವೇಷ ಚೆನ್ನಾಗಿಯೇ ಇತ್ತು, ಮೂರು ಹೊತ್ತೂ ಬಿಸಿಯಾಗಿಯೇ ಇತ್ತು. ಆದರೆ ಬೆಳಿಗ್ಗೆ ಆ ಬೂದು ಸೆರಗು ಬಾಗಿಲಲ್ಲಿ ಕಾಣುವ ತನಕ ಕುದುರೆಯ ಮೈಯ ಒಂದೇ ಜಾಗವನ್ನು ಉಜ್ಜುತ್ತ ನಿಲ್ಲುತ್ತಿದ್ದ. ಇದು ಅವನಿಗೆ ಗೊತ್ತಾಗಿ, ಅವಳ ಮೇಲೆ ಇನ್ನಷ್ಟು ಸಿಟ್ಟು ಬಂತು.

ಎಂಟನೆಯ ವಾರ ಅವಳು ಕುದುರೆಯನ್ನು ಮುಟ್ಟಿದಳು. ಮೊದಲು ಒಂದು ಬೆರಳು, ಆಮೇಲೆ ಅಂಗೈ. ಆಮೇಲೆ ಅದರ ಕುತ್ತಿಗೆಗೆ ಹಣೆ ಒತ್ತಿ ನಿಂತಳು. ಅವನು ಬೆನ್ನು ತಿರುಗಿಸಿ, ತುಂಬಿದ್ದ ಬಾನಿಯನ್ನೇ ಮತ್ತೆ ತುಂಬಿಸಿದ.

“ಮುಗೀತಾ?” ಎಂದಳು ಹಿಂದಿನಿಂದ.

“ನಿಮ್ಮದು ಮುಗೀಲಿ ಅಂತಿದ್ದೆ.”

“ಮರ್ಯಾದೆ ಕೂಡ ಬರುತ್ತಾ ನಿನಗೆ?”

“ಕುದುರೆಗೋಸ್ಕರ. ಅದಕ್ಕೆ ನಾಚಿಕೆ ಜಾಸ್ತಿ.”

ಅವತ್ತು ಹೋಗುವಾಗ ಸವಾರಿಯ ಬಲಗೈ ಗವಸನ್ನು ಕಂಬದ ಮೇಲೆ ಮರೆತಳು. ಹೆಬ್ಬೆರಳಿನ ಪಕ್ಕ ಹೊಲಿಗೆ ಬಿಚ್ಚಿತ್ತು. ಅವನು ಯೋಚಿಸಲೇ ಇಲ್ಲ. ಅಂಗಿಯ ಮಡಿಕೆಯಲ್ಲಿ ಬಚ್ಚಿಟ್ಟಿದ್ದ ಎರಡು ಸೂಜಿ ತೆಗೆದ. ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದು ಆ ಕಡೆಯಿಂದ, ಇನ್ನೊಂದು ಈ ಕಡೆಯಿಂದ, ಎರಡೂ ಒಂದೇ ತೂತಿನಲ್ಲಿ ಎದುರುಬದುರಾಗಿ ಹಾಯಬೇಕು. ಎಂಟು ವಾರದಿಂದ ಸುಮ್ಮನಿದ್ದ ಕೈಗೆ ಹಸಿವಾಗಿತ್ತು. ಕೊನೆಗೆ, ಅಣ್ಣ ಕಲಿಸಿದ ಹಾಗೆ, ಮೂರು ಹೊಲಿಗೆ ಹಿಂದಕ್ಕೆ ಹಾಕಿದ. ಮೂರನೆಯದನ್ನು ಓರೆ ಎಳೆದು ದಾರವನ್ನು ಚರ್ಮದೊಳಗೆ ಅಡಗಿಸಿದ. ಅವರ ಮನೆ ಬಿಟ್ಟು ಬೇರೆ ಯಾರೂ ಹಾಗೆ ಮುಗಿಸುವುದಿಲ್ಲ.

ಗವಸನ್ನು ಕಂಬದ ಮೇಲೆ ಇಟ್ಟಾಗಲೂ ಅವನಿಗೆ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಕೋಣೆಯಿಂದ ಕರೆ ಬಂತು.

ಕಿಟಕಿಯ ಪಕ್ಕ, ಕುದುರೆ ಬೆನ್ನಿನ ಆಕಾರದ ಮರದ ಚೌಕಟ್ಟಿನ ಮೇಲೆ ಸತ್ತ ದೊರೆಯ ಜೀನು ಇತ್ತು. ಗೋಡೆಯ ಮೊಳೆಗೆ ಹರಿದ ಪಟ್ಟಿ ತೂಗುತ್ತಿತ್ತು. ಅವಳು ಗವಸನ್ನು ಬೆಳಕಿಗೆ ಹಿಡಿದುಕೊಂಡಿದ್ದಳು.

“ಕೊನೇ ಮೂರು ಹಿಂದಕ್ಕೆ,” ಎಂದಳು. ದನಿ ಮಂಜಿನ ಹಾಗೆ ತಣ್ಣಗಿತ್ತು. “ಮೂರನೇದು ಓರೆ. ಇಂಥದ್ದನ್ನ ನಾನು ಒಂದು ವರ್ಷದಿಂದ ದಿನಾ ನೋಡ್ತಿದೀನಿ, ಆ ಪಟ್ಟಿ ಮೇಲೆ. ನೂರ ನಲವತ್ತೆರಡು ಹೊಲಿಗೆ. ಬೇಕಾದ್ರೆ ಕಣ್ಣು ಮುಚ್ಚಿ ಬರೆದು ತೋರಿಸ್ತೀನಿ. ಯಾರು ನೀನು?”

“ಅವನ ತಮ್ಮ.”

“ಅಂದ್ರೆ ಇಷ್ಟು ದಿನ ಆಡಿದ ಮಾತೆಲ್ಲ...”

“ಮಾತು ನನ್ನದೇ. ಹೆಸರು ಸುಳ್ಳು.”

“ಕೂಗಿದ್ರೆ ನಿನ್ನ ಕೈಯೂ ಹೋಗುತ್ತೆ.”

“ಹೋಗಲಿ, ಜೋಡಿ ಆಗುತ್ತೆ. ನೂರ ನಲವತ್ತೆರಡು ಎಣಿಸಿದ್ರಲ್ಲ, ಅದರಲ್ಲಿ ಹರಿದದ್ದು ಎಷ್ಟು?”

ಅವಳ ಕಣ್ಣು ಗೋಡೆಯ ಪಟ್ಟಿಗೆ ಹೋಯಿತು.

“ಒಂದೂ ಇಲ್ಲ ತಾನೇ?” ಅವನು ಅಪ್ಪಣೆ ಕೇಳಲಿಲ್ಲ. ಪಟ್ಟಿಯನ್ನು ಮೊಳೆಯಿಂದ ಕಿತ್ತು ಕಿಟಕಿಗೆ ತಂದ. “ನಮ್ಮ ಹೊಲಿಗೇಲಿ ಒಂದು ಎಳೆ ಹರಿದ್ರೂ ಇನ್ನೊಂದು ಹಿಡ್ಕೊಂಡಿರುತ್ತೆ ಅಮ್ಮಾವ್ರೇ. ಹರಿದಿರೋದು ಇಲ್ಲಿ, ಕೊಂಡಿ ಸಿಕ್ಕಿಸೋ ತೂತಲ್ಲಿ. ಐದು ತೂತು ಅಣ್ಣನದು, ನೋಡಿ, ಕಾಳಿನ ಹಾಗೆ ದುಂಡಗಿವೆ. ದುಂಡಗಿದ್ರೆ ಚರ್ಮ ಎಳೆತ ತಡೆಯುತ್ತೆ. ಈ ಆರನೇದು ಅಣ್ಣನದಲ್ಲ. ಚಾಕುವಿನ ಮೊನೆ ಚುಚ್ಚಿ ಮಾಡಿದ್ದು. ಇದು ತೂತಲ್ಲ, ಸೀಳು. ಸೀಳು ಎಳೆದಷ್ಟೂ ಓಡುತ್ತೆ. ಯಾವನೋ ತಲೆಕೆಟ್ಟವನು...”

ಗೆದ್ದ ಖುಷಿಯಲ್ಲಿ ಆ ಸೀಳಿಗೆ ಬೆರಳು ತೂರಿಸಿ ತೋರಿಸಿದ. ತಲೆ ಎತ್ತಿದ. ಅವಳು ಅವನನ್ನು ನೋಡುತ್ತಿರಲಿಲ್ಲ. ಬರೆಯುವ ಮೇಜಿನ ಮೇಲಿದ್ದ ಸಣ್ಣ ಚಾಕುವನ್ನು ನೋಡುತ್ತಿದ್ದಳು, ಕಾಗದದ ಮುದ್ರೆ ಒಡೆಯುವ ಚಾಕು.

“ಕುದುರೆ ಆ ತಿಂಗಳು ಮೈ ಇಳಿದು ಬಡಕಲಾಗಿತ್ತು,” ಎಂದಳು, ನಿಧಾನಕ್ಕೆ. “ಪಟ್ಟಿ ಸಡಿಲ ಅಂದ್ರು ಅವರು. ಜೀನಿನವನಿಗೆ ಹೇಳಿ ಕಳಿಸೋಣ ಅಂದ್ರು. ಇಷ್ಟಕ್ಕೆಲ್ಲ ಯಾಕೆ ಅಂತ ನಾನೇ... ತೂತು ಅಂದ್ರೆ ತೂತು ಅಂದ್ಕೊಂಡಿದ್ದೆ. ನನ್ನ ಕೆಲಸ ನೋಡಿ ಅವರು ನಕ್ಕಿದ್ರು.”

ಹೊರಗೆ ಯಾರೋ ಬಾವಿಗೆ ಕೊಡ ಇಳಿಸಿದ ಸದ್ದಾಯಿತು.

“ಅಂದ್ರೆ ನಾನಾ?” ಎಂದಳು.

ಎಂಟು ವಾರದಲ್ಲಿ ಅವಳ ಒಂದು ಮಾತಿಗೂ ಅವನು ಉತ್ತರ ಕೊಡದೆ ಬಿಟ್ಟವನಲ್ಲ.

“ಹೌದು,” ಎಂದ.

ಆ ಮಾತು ಅವಳಲ್ಲಿ ಇಳಿಯುವುದನ್ನು ನೋಡಿದ. ಆಡಿದ್ದನ್ನು ವಾಪಸು ನುಂಗುವ ಹಾಗಿದ್ದರೆ ಆಗ ಮುಳ್ಳುಸಮೇತ ನುಂಗುತ್ತಿದ್ದ.

“ಪಟ್ಟಿ ಅಲ್ಲೇ ಇಡು. ಹೊರಗೆ ಹೋಗು.”

“ನಾಡಿದ್ದು ಅಣ್ಣನ ಕೈ...”

“ಹೊರಗೆ ಹೋಗು ಅಂದೆ.”

ಎರಡು ದಿನ ಅವಳು ಲಾಯಕ್ಕೆ ಬರಲಿಲ್ಲ. ಕುದುರೆ ಬಾಗಿಲು ನೋಡಿತು, ಅವನೂ ನೋಡಿದ. ಬರಲಿ ಎಂದು ಕಾದ, ಬಂದರೆ ಕುತ್ತಿಗೆ ಹಿಸುಕಬೇಕೆಂದೂ ಕಾದ. ಲಾಯದವನ ಮಾತನ್ನು ಯಾರು ನಂಬುತ್ತಾರೆ? ಸಾಕ್ಷಿ ಅವಳ ಮೊಳೆಯ ಮೇಲಿದೆ, ಒಲೆಗೆ ಹಾಕಿದರೆ ಅರ್ಧ ಗಳಿಗೆಯ ಬೂದಿ.

ವರ್ಷ ತುಂಬಿದ ದಿನ ಅದೇ ಅಂಗಳದಲ್ಲಿ ಮರದ ದಿಮ್ಮಿ ಇಟ್ಟರು. ಅಣ್ಣನನ್ನು ತಂದರು. ಬಿಸಿಲಿಗೆ ಅವನಿಗೆ ಕಣ್ಣು ಬಿಡಲಾಗಲಿಲ್ಲ. ಜನರ ನಡುವೆ ತಮ್ಮನ ಮುಖ ಕಂಡು, ಗುರುತೇ ಇಲ್ಲದವನ ಹಾಗೆ ತಲೆ ತಗ್ಗಿಸಿದ. ಆಗಲೂ ತಮ್ಮನನ್ನು ಉಳಿಸುವ ಯೋಚನೆ ಅವನಿಗೆ. ಹೊಸಬ ಸಲಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಏನು ಮಾಡುತ್ತೇನೆಂದು ಅವನಿಗೂ ತಿಳಿದಿರಲಿಲ್ಲ.

ದೊರೆಸಾನಿ ಬಂದಳು. ಒಂದು ಕೈಯಲ್ಲಿ ಹರಿದ ಪಟ್ಟಿ, ಇನ್ನೊಂದರಲ್ಲಿ ಆ ಚಾಕು. ಬಲಗೈಗೆ ಗವಸು ಹಾಕಿದ್ದಳು.

“ಈ ಆರನೇ ತೂತು ನಾನು ಮಾಡಿದ್ದು,” ಎಂದಳು, ಹದಿನೆಂಟು ಜನರಿಗಷ್ಟೇ ಅಲ್ಲ, ಗೋಡೆಯ ಮೇಲಿನ ಕಾವಲುಗಾರರಿಗೂ ಕೇಳುವಂತೆ. “ಈ ಚಾಕುವಲ್ಲಿ. ಪಟ್ಟಿ ಹರಿದದ್ದು ಇಲ್ಲೇ. ಇವನ ಹೊಲಿಗೆ ಒಂದೂ ಬಿಟ್ಟಿಲ್ಲ.”

ಕುರ್ಚಿಯಲ್ಲಿ ಕೂತಿದ್ದ ಅವಳ ಅತ್ತೆ, ಸತ್ತ ದೊರೆಯ ತಾಯಿ, ಕೋಲು ಕುಟ್ಟಿದಳು. “ಸುಮ್ನಿರೇ. ನನ್ನ ಮಗನಂತೂ ಹೋದ. ಯಾವನೋ ಚರ್ಮದವನ ಕೈಗೋಸ್ಕರ ಮನೆ ಮಾನ ಬೀದಿಗೆ ಹಾಕ್ಬೇಡ.”

“ಕೈ ಬೇಕು ಅಂತ ಕೇಳಿದೋಳು ನಾನು ಅತ್ತೆ.” ಅವಳು ದಿಮ್ಮಿಯ ಹತ್ತಿರ ಹೋಗಿ ಮಂಡಿಯೂರಿದಳು. ಗವಸಿನ ಬಲಗೈಯನ್ನು ಅದರ ಮೇಲೆ ಇಟ್ಟಳು. “ಇವತ್ತು ಒಂದು ಕೈ ಕಡೀಲೇಬೇಕು ಅನ್ನೋದಾದ್ರೆ, ಕೆಲಸ ಕೆಡಿಸಿದ ಕೈ ಇದು.”

ಕೊಡಲಿ ಹಿಡಿದವನು ನೆಲ ನೋಡಿದ. ಶಿಕ್ಷೆ ವಿಧಿಸಿದ್ದ ನ್ಯಾಯಾಧಿಕಾರಿ ಕೆಮ್ಮಿದ, ಮತ್ತೆ ಕೆಮ್ಮಿದ, ಕೊನೆಗೆ ಸರಪಳಿ ಬಿಚ್ಚಿ ಎಂದು ಕೈಸನ್ನೆ ಮಾಡಿದ. ಅತ್ತೆ ಎದ್ದು, ಸೊಸೆಯ ಪಕ್ಕದಲ್ಲೇ ಹಾದು, ಕಲ್ಲನ್ನು ದಾಟಿದಂತೆ ದಾಟಿ ಒಳಗೆ ಹೋದಳು.

ಹೊಸಬ ಸಲಿಕೆ ಎಸೆದು ಅಣ್ಣನ ಕೈ ಹಿಡಿದುಕೊಂಡ. ಮಣಿಕಟ್ಟು ಕಡ್ಡಿಯಾಗಿತ್ತು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಐದೂ ಇದ್ದವು.

ಇಬ್ಬರೂ ಬಾಗಿಲ ಕಡೆ ಹೊರಟಾಗ ಅವಳು ಅಡ್ಡ ಬಂದು ನಿಂತಳು. ಮಂಡಿಯ ಬಳಿ ಬೂದು ಬಟ್ಟೆಗೆ ಮಣ್ಣು ಮೆತ್ತಿತ್ತು. ಕಣ್ಣಿನ ಕೆಳಗೆ ಎರಡು ದಿನದ ಕಪ್ಪು. ಎಲ್ಲರೂ ನೋಡುತ್ತಿದ್ದರು.

“ಕತ್ತೆ ಅಂದಿದ್ದೆ,” ಎಂದಳು. “ಅವತ್ತೂ ಇವರೆಲ್ಲರ ಮುಂದೆಯೇ. ಅದಕ್ಕೇ ಇದೂ ಇವರ ಮುಂದೆಯೇ.”

ಸೊಂಟದಿಂದ ಎಡಗೈ ಗವಸನ್ನು ತೆಗೆದು ಚಾಚಿದಳು. ಅದರ ಹೊಲಿಗೆಯೂ ಬಿಚ್ಚಿತ್ತು. ತಾನಾಗಿ ಬಿಚ್ಚಿದ್ದಲ್ಲ, ಯಾರೋ ಕೂತು ಒಂದೊಂದೇ ಎಳೆ ಕಿತ್ತದ್ದು ಎಂದು ಅವನ ಕಣ್ಣಿಗೆ ಗೊತ್ತಾಯಿತು.

“ನನ್ನನ್ನ ಕ್ಷಮಿಸು ಅನ್ನಲ್ಲ. ಅದು ನಿನ್ನ ಅಣ್ಣನ ಹತ್ತಿರ ಕೇಳಬೇಕಾದ್ದು, ಕೇಳ್ತೀನಿ. ನಿನ್ನ ಹತ್ತಿರ ಇಷ್ಟೇ.” ಅವಳ ದನಿ ಮೊದಲ ಬಾರಿಗೆ ಕೆಳಗಿಳಿಯಿತು. “ಇದನ್ನ ಹೊಲಿದು ಕೊಡೋಕೆ ಬರ್ತೀಯಾ?”

ನಾಲಿಗೆಯ ತುದಿಯಲ್ಲಿ ಹತ್ತು ಉತ್ತರ ಇದ್ದವು. ಮೂರು ಬೈಗುಳ. ಒಂದು ಅವಳನ್ನು ನಗಿಸುವಂಥದ್ದು. ಒಂದನ್ನು ಆಡಿದರೆ ಅವನು ಎಂದೂ ಈ ಅಂಗಳ ಬಿಟ್ಟು ಹೋಗಲಾರ.

ಗವಸನ್ನು ಅವಳ ಕೈಯಿಂದ ಕಿತ್ತುಕೊಂಡ. ಅಂಗಿಯೊಳಗೆ ತುರುಕಿದ. ಲಾಯದೊಳಗಿಂದ ಕುದುರೆ ಕೂಗಿತು. ಅವನು ಅಣ್ಣನ ತೋಳು ಹಿಡಿದು, ತಿರುಗಿ ನೋಡದೆ ನಡೆದ.

ಹೆಬ್ಬಾಗಿಲು ದಾಟುವಾಗ ಅಣ್ಣ ಮೆಲ್ಲಗೆ ಕೇಳಿದ, “ಹೊಲಿದು ಕೊಡೋಕೆ ವಾಪಸು ಬರ್ತೀಯೇನೋ?”

ಅವನು ಅಂಗಿಯೊಳಗಿನ ಗವಸಿನ ಮೇಲೆ ಕೈ ಒತ್ತಿಕೊಂಡು ಹೆಜ್ಜೆ ಜೋರು ಮಾಡಿದ.